2003ರ ಎಸ್ಟೀಮ್, ಶಿರಾಡಿ ಘಾಟಿ ಹತ್ತುತ್ತಲೇ ಇಲ್ಲ. ಪ್ಲಗ್, ಫಿಲ್ಟರ್, ಪಂಪ್ ಎಲ್ಲಾ ಹೊಸದು ಹಾಕಿಸಿಯಾಯ್ತು

ಹಾಸನದ ಎಸ್ಟೀಮ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಇದೆ. ಪೆಟ್ರೋಲ್, ಎಂಪಿಎಫ್‌ಐ (ಕಾರ್ಬುರೇಟರ್ ಅಲ್ಲ, ಇಂಜೆಕ್ಟರ್ ಇರುವುದು). ಅಪ್ಪ ಕೊಂಡಿದ್ದು, ಈಗ ನಾನು ಓಡಿಸುತ್ತೇನೆ. 1,38,000 ಕಿ.ಮೀ. ಆಗಿದೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಐಡ್ಲಿಂಗ್ ಚೆನ್ನಾಗಿದೆ, ಹೊಗೆ ಇಲ್ಲ, ಆಯಿಲ್ ಕುಡಿಯುವುದಿಲ್ಲ. ಆದರೆ ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಘಾಟಿ ಶುರುವಾಯಿತು ಅಂದರೆ ಮುಗಿಯಿತು, ಗಾಡಿಗೆ ಉಸಿರೇ ಇಲ್ಲ. ಮೊದಲು ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತಿದ್ದ ಜಾಗದಲ್ಲಿ ಈಗ ಎರಡನೇ ಗೇರ್, ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ 35 ದಾಟುವುದಿಲ್ಲ. ಕಳೆದ ವಾರ ಗ್ಯಾಸ್ ಟ್ಯಾಂಕರ್‌ನವನು ಹಾರ್ನ್ ಹೊಡೆದು ನನ್ನನ್ನು ದಾಟಿ ಹೋದ. ಟ್ಯಾಂಕರ್! ಹೆಂಡತಿ ಪಕ್ಕದಲ್ಲಿ ಕೂತು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು.

ಇಲ್ಲಿಯವರೆಗೆ ಪ್ಲಗ್ ನಾಲ್ಕೂ ಹೊಸದು, ಏರ್ ಫಿಲ್ಟರ್ ಹೊಸದು, ಪೆಟ್ರೋಲ್ ಫಿಲ್ಟರ್ ಹೊಸದು. ಆಮೇಲೆ ಪಂಪ್ ವೀಕ್ ಆಗಿದೆ ಅಂತ ಪಂಪ್ ಹಾಕಿದರು. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್. ಒಟ್ಟು 11,400 ರೂಪಾಯಿ ಹೋಯಿತು, ಪಿಕಪ್ ಮಾತ್ರ ಒಂದಿಂಚೂ ಬದಲಾಗಲಿಲ್ಲ. ಈಗ ಗ್ಯಾರೇಜಿನವರು "ಎಂಜಿನ್ ಬಿಚ್ಚಬೇಕು ಸಾರ್, ಪಿಸ್ಟನ್ ರಿಂಗ್ ಹೋಗಿರಬೇಕು" ಅನ್ನುತ್ತಿದ್ದಾರೆ. ಹೋದ ವರ್ಷ ಸ್ವಲ್ಪ ಮಿಸ್ಸಿಂಗ್ (ಒಂದು ಸಿಲಿಂಡರ್‌ನಲ್ಲಿ ಆಗಾಗ ಕಿಡಿ ಹತ್ತದಿರುವುದು) ಇತ್ತು, ಪ್ಲಗ್ ವೈರ್ ಬದಲಾಯಿಸಿದ ಮೇಲೆ ನಿಂತಿದೆ. ಬಿಚ್ಚಿಸಲಾ ಬೇಡ್ವಾ?

ಹುಬ್ಬಳ್ಳಿ ರೈಡರ್:
ಪೆಟ್ರೋಲ್‌ನದ್ದೇ ತಪ್ಪು ಬಿಡ್ರಿ. ಈಗ ಎಲ್ಲಾ ಕಡೆ ಎಥೆನಾಲ್ ಬೆರಕೆ, ಇ20. ಹಳೇ ಗಾಡಿಗೆ ಅದು ಆಗಿಬರುವುದಿಲ್ಲ. ನನ್ನ ಗೆಳೆಯನ ಗಾಡಿಗೂ ಹಿಂಗೇ ಆಗಿತ್ತು.

ಬೆಂಗಳೂರು ಬಾನೆಟ್:
ಒಂದು ಓಬಿಡಿ ಡಾಂಗಲ್ (ಎಂಜಿನ್ ಕಂಪ್ಯೂಟರಿನಿಂದ ದೋಷ ಓದುವ ಸಣ್ಣ ಉಪಕರಣ) ತಗೊಂಡು ಮೊಬೈಲಿಗೆ ಕನೆಕ್ಟ್ ಮಾಡಿ ಗುರು. ಏನು ತೊಂದರೆ ಅಂತ ಅದೇ ಹೇಳುತ್ತೆ. ಯಾಕೆ ಸುಮ್ನೆ ಊಹೆ?

ಗ್ಯಾರೇಜ್ ಮಾವ:
ಬಾನೆಟ್ ಅವರೇ, ಅದು 2003ರ ಗಾಡಿ. ನಮ್ಮ ದೇಶದಲ್ಲಿ ಓಬಿಡಿ ಕಡ್ಡಾಯ ಆಗಿದ್ದು ಬಿಎಸ್4 (ಹೊಗೆ ಮಾಲಿನ್ಯದ ಮಾನದಂಡ) ಜೊತೆ, 2010ರ ನಂತರ. ಆ ಡಾಂಗಲ್ ಅದರಲ್ಲಿ ಕೆಲಸ ಮಾಡುತ್ತೆ ಅಂತ ನಂಬಬೇಡಿ. ಆ ಕಾಲದ ಸುಜುಕಿ ಎಂಜಿನ್‌ಗಳಲ್ಲಿ ಬೇರೆ ದಾರಿ ಇದೆ: ಬಾನೆಟ್ ಒಳಗಿನ ಡಯಾಗ್ನೋಸಿಸ್ ಕಪ್ಲರ್‌ನಲ್ಲಿ ಎರಡು ಪಿನ್ ಮಧ್ಯೆ ವೈರ್ ತುಂಡು ಹಾಕಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಮಿನುಗುತ್ತೆ. ಒಂದು ಸಲ ಮಿನುಗಿ, ಸ್ವಲ್ಪ ಬಿಟ್ಟು ಎರಡು ಸಲ ಮಿನುಗಿದರೆ 12, ಅಂದರೆ ತೊಂದರೆ ಏನೂ ದಾಖಲಾಗಿಲ್ಲ ಅಂತ. ಯಾವ ಪಿನ್ ಅಂತ ಗೊತ್ತಿಲ್ಲದೆ ವೈರ್ ಹಾಕಬೇಡಿ, ಇಸಿಎಂ (ಎಂಜಿನ್ ಕಂಪ್ಯೂಟರ್) ಸುಟ್ಟೀತು. ಇನ್ನೊಂದು ವಿಷಯ. ಸೆನ್ಸರ್ ಕೆಟ್ಟರೆ ಅದು ಹೇಳುತ್ತೆ. ಪೈಪ್ ಕಟ್ಟಿಕೊಂಡಿದ್ದರೆ, ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದ್ದರೆ, ಬ್ರೇಕ್ ಹಿಡಿದಿದ್ದರೆ ಆ ದೀಪಕ್ಕೆ ಏನು ಗೊತ್ತು?

ಹುಬ್ಬಳ್ಳಿಯವರೇ, ಎಥೆನಾಲ್ ಮಾತು ಪೂರ್ತಿ ತಪ್ಪಲ್ಲ. ಅದರಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ ಲೀಟರಿಗೆ ಆರೇಳು ಪರ್ಸೆಂಟ್ ಶಕ್ತಿ ಹೋಗುತ್ತೆ. ಮೈಲೇಜ್ ಬೀಳುತ್ತೆ, ಹಳೇ ರಬ್ಬರ್ ಹೋಸ್ ಹಾಳಾಗುತ್ತೆ, ಟ್ಯಾಂಕಿನ ತಳದ ಕೊಳೆ ಎದ್ದು ಫಿಲ್ಟರಿಗೆ ಬರುತ್ತೆ. ಆದರೆ ಮೂರನೇ ಗೇರಿಂದ ಎರಡಕ್ಕೆ ಇಳಿದು 35ರಲ್ಲಿ ನಿಲ್ಲುವುದು ಆರೇಳು ಪರ್ಸೆಂಟಿನ ಕಥೆಯಲ್ಲ.

ಹಾಸನದ ತಮ್ಮಾ, ಎಂಜಿನ್ ಬಿಚ್ಚಿಸಬೇಡ. ಈಗಲೇ ಬೇಡ. ನಾನು ಶಿವಮೊಗ್ಗದಲ್ಲಿ 30 ವರ್ಷ ಸ್ಪ್ಯಾನರ್ ಹಿಡಿದವನು. ಪಿಕಪ್ ಇಲ್ಲ ಅಂತ ಬಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಎಂಜಿನ್ ಸರಿಯಾಗೇ ಇರುತ್ತಿತ್ತು. ಮೊದಲು ಕೇಳಬೇಕಾದ್ದು, ಎಂಜಿನ್‌ನಲ್ಲಿ ಶಕ್ತಿ ಹುಟ್ಟುತ್ತಿಲ್ವಾ ಅಥವಾ ಹುಟ್ಟಿದ್ದು ಚಕ್ರಕ್ಕೆ ತಲುಪುತ್ತಿಲ್ವಾ? ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. 20 ಕಿ.ಮೀ. ಓಡಿಸಿ ಬಾ, ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಒಬ್ಬನೇ ತಳ್ಳಿ ನೋಡು. ಸುಲಭವಾಗಿ ಉರುಳಬೇಕು. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡು (ಮುಟ್ಟಬೇಡ, ಹತ್ತಿರ ಹಿಡಿ), ಒಂದೇ ಒಂದು ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಆಮೇಲೆ ನಾಲ್ಕನೇ ಗೇರಲ್ಲಿ 40ರಲ್ಲಿ ಹೋಗುತ್ತಾ ಒಮ್ಮೆಲೇ ಪೂರ್ತಿ ತುಳಿ. ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರನೆಯದು, ಎಂಜಿನ್ ಆಫ್ ಮಾಡಿ ಮನೆಯವರ ಹತ್ತಿರ ಆಕ್ಸಿಲರೇಟರ್ ಪೂರ್ತಿ ತುಳಿಸಿ, ನೀನು ಏರ್ ಪೈಪ್ ತೆಗೆದು ಥ್ರಾಟಲ್ ಚಿಟ್ಟೆ (ಎಂಜಿನ್‌ಗೆ ಗಾಳಿ ಬಿಡುವ ಮುಚ್ಚಳ) ಪೂರ್ತಿ ತೆರೆಯುತ್ತಾ ನೋಡು. ಒಂದು ಗಾಡಿಯಲ್ಲಿ ಮೂರು ಮ್ಯಾಟ್ ಒಂದರ ಮೇಲೊಂದು ಹಾಕಿಕೊಂಡಿದ್ದರು, ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಮನುಷ್ಯ ಅಷ್ಟರಲ್ಲಿ ಕಾರ್ಬುರೇಟರ್ ಬದಲಾಯಿಸಿದ್ದ.

ಪದ್ಮಿನಿ ಪ್ರೇಮಿ:
ಮ್ಯಾಟ್ ಕಥೆ ನಿಜ ಸ್ವಾಮಿ. ನಮ್ಮ ಹಳೇ ಪದ್ಮಿನಿ ಕಾರಲ್ಲಿ ಇನ್ನೊಂದಾಗಿತ್ತು. ಎರಡು ತಿಂಗಳು ಶೆಡ್ಡಲ್ಲಿ ನಿಲ್ಲಿಸಿ ತೆಗೆದರೆ ಪುಲ್ಲಿಂಗ್ ಇಲ್ಲ. ಪಾಯಿಂಟ್ ಉಜ್ಜಿದೆ, ಜೆಟ್ ಊದಿದೆ, ವ್ಯಾಕ್ಯೂಮ್ ಅಡ್ವಾನ್ಸ್ ಡಯಾಫ್ರಂ ಬಾಯಲ್ಲಿ ಎಳೆದು ನೋಡಿದೆ. ಕೊನೆಗೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಇಲಿ ಸಂಸಾರ. ಹತ್ತಿ, ಅಡಿಕೆ ಸಿಪ್ಪೆ, ನನ್ನ ಹಳೇ ಲುಂಗಿಯ ತುಂಡು ಕೂಡ ಸಿಕ್ಕಿತು.

ಹಾಸನದ ಎಸ್ಟೀಮ್:
ಮಾವ, ಹೇಳಿದ್ದೆಲ್ಲಾ ಭಾನುವಾರ ಮಾಡಿದೆ. ಗಾಡಿ ಒಂದೇ ಕೈಯಲ್ಲಿ ತಳ್ಳಿದರೂ ಉರುಳುತ್ತೆ. ಚಕ್ರ ಎಲ್ಲಾ ಒಂದೇ ತರ ಬಿಸಿ. ಕ್ಲಚ್ ಜಾರುತ್ತಿಲ್ಲ, ತುಳಿದರೆ ಆರ್‌ಪಿಎಂ ಕೂಡ ಏರುವುದಿಲ್ಲ, ಎರಡೂ ಅಲ್ಲಲ್ಲೇ. ಥ್ರಾಟಲ್ ಪೂರ್ತಿ ತೆರೆಯುತ್ತೆ. ಇಲಿ ಇಲ್ಲ. ದೀಪದ ಪರೀಕ್ಷೆ ಪರಿಚಯದ ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು, 12 ಬಂತು.

ಗ್ಯಾರೇಜಿನಲ್ಲಿ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಒತ್ತಡ) ಕೂಡ ನೋಡಿಸಿದೆ. 12.4, 12.6, 12.3, 12.5 ಕೆಜಿ. "ಹೊಸದರಲ್ಲಿ 14 ಇರುತ್ತೆ, ನೋಡಿ ಬಿದ್ದಿದೆ" ಅಂದರು.

ಗ್ಯಾರೇಜ್ ಮಾವ:
ನಾಲ್ಕೂ ಹತ್ತಿರ ಹತ್ತಿರ ಇವೆಯಲ್ಲ, ಅದೇ ಮುಖ್ಯ. ಎಲ್ಲಾ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತುಳಿದು, ಬ್ಯಾಟರಿ ಚೆನ್ನಾಗಿದ್ದಾಗ ನೋಡಿದ್ದಾರೆ ತಾನೇ? ಹಾಸನ ಸಮುದ್ರಕ್ಕಿಂತ ಸುಮಾರು 950 ಮೀಟರ್ ಎತ್ತರ. ಅಲ್ಲಿ ಗಾಳಿಯೇ ನೂರಕ್ಕೆ ಹತ್ತು ತೆಳು. ಪುಸ್ತಕದ 14 ಸಮುದ್ರ ಮಟ್ಟದ್ದು. ಅದರಲ್ಲಿ ಹತ್ತು ಪರ್ಸೆಂಟ್ ಕಳಿ, ಎಷ್ಟು ಬಂತು? ರಿಂಗ್ ಮಾತು ಬಿಟ್ಟುಬಿಡು.

ಕುಡ್ಲ ಡ್ರೈವರ್:
ಮಾರಾಯ್ರೆ ಇದು ಗೊತ್ತೇ ಇರಲಿಲ್ಲ. ಹಾಗಾದರೆ ನನ್ನ ಗಾಡಿ ಮಂಗಳೂರಲ್ಲಿ ಓಡುವಷ್ಟು ಬೆಂಗಳೂರಲ್ಲಿ ಓಡುವುದಿಲ್ಲ ಅಂತ ನನಗೆ ಅನಿಸುವುದು ಭ್ರಮೆ ಅಲ್ಲ?

ಗ್ಯಾರೇಜ್ ಮಾವ:
ಅಲ್ಲ. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತೆ. ಎಸ್ಟೀಮಿನ 85 ಕುದುರೆಯಲ್ಲಿ ಎಂಟು ಕುದುರೆ ಬೆಂಗಳೂರಿಗೆ ಬರುವುದೇ ಇಲ್ಲ, ಘಾಟಿಯ ಕೆಳಗೇ ಉಳಿಯುತ್ತವೆ.

ಈಗ ಮುಂದಿನದು. ತಮ್ಮಾ, ತುಳಿದಾಗ ಗಾಡಿ ಜರ್ಕ್ ಹೊಡೆಯುತ್ತಾ, ಅಥವಾ ನುಣ್ಣಗೆ ಇದ್ದು ಸುಮ್ನೆ ಏರುವುದಿಲ್ವಾ? ಜರ್ಕ್, ನಡುಕ, ಪಟಪಟ ಇದ್ದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಕಿಡಿಯ ಕಡೆ ನೋಡಬೇಕು. ನುಣ್ಣಗೆ ಸತ್ತಂತೆ ಇದ್ದರೆ ನಾಲ್ಕಕ್ಕೂ ಒಟ್ಟಿಗೆ ಏನೋ ಕಡಿಮೆ ಆಗಿದೆ: ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಬರುತ್ತಿಲ್ಲ, ಟೈಮಿಂಗ್ ಬೆಲ್ಟ್ ಹಲ್ಲು ಜಾರಿದೆ, ಇಲ್ಲಾ ಹೊಗೆ ಹೋಗುತ್ತಿಲ್ಲ.

ಹಾಸನದ ಎಸ್ಟೀಮ್:
ನುಣ್ಣಗೆ. ಪೂರ್ತಿ ನುಣ್ಣಗೆ. ಯಾರೋ ಹಿಂದಿನಿಂದ ಬಂಪರ್ ಹಿಡಿದು ಎಳೆದ ಹಾಗೆ. ಪೆಟ್ರೋಲ್ ಪ್ರೆಷರ್ ಪಂಪ್ ಹಾಕಿದಾಗಲೇ ನೋಡಿದ್ದರು, ಐಡ್ಲಿಂಗ್‌ನಲ್ಲಿ 2.3 ಕೆಜಿ ಇತ್ತು.

ಗ್ಯಾರೇಜ್ ಮಾವ:
ಐಡ್ಲಿಂಗ್ ಪ್ರೆಷರ್ ನೋಡಿ ಘಾಟಿ ಬಗ್ಗೆ ಹೇಳಲು ಆಗುವುದಿಲ್ಲ. ಗೇಜ್ ಉದ್ದದ ಪೈಪಿಗೆ ಹಾಕಿ, ವೈಪರ್ ಹತ್ತಿರ ಗಾಜಿಗೆ ಟೇಪ್ ಅಂಟಿಸಿ, ಏರಿನಲ್ಲಿ ಓಡಿಸಿ ನೋಡಬೇಕು. ತುಳಿದಾಗ ಮುಳ್ಳು ಸ್ವಲ್ಪ ಮೇಲೆ ಹೋಗಿ ನಿಂತರೆ ಪೆಟ್ರೋಲ್ ಸರಿ, ಕುಸಿದರೆ ಪಂಪು, ಫಿಲ್ಟರು, ಇಲ್ಲಾ ವೈರಿಂಗ್. ಇದನ್ನು ಗ್ಯಾರೇಜಿನಲ್ಲೇ ಮಾಡಿಸು, ಪೆಟ್ರೋಲ್ ಪೈಪ್ ನೀನು ಬಿಚ್ಚಬೇಡ.

ಜೊತೆಗೆ ಒಂದು ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ಮೀಟರ್) ತಗೋ. ಬೆಂಗಳೂರು ಕಡೆ ಹೋದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ. ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಸಣ್ಣ ಹೋಸಿಗೆ ಟಿ ಹಾಕಿ ಜೋಡಿಸು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ನಿಲ್ಲಿಸಿದರೆ ಎಷ್ಟು, ಎರಡೂ ಬರೆದು ಹಾಕು. ಒಂದು ನಿಮಿಷ ಅಂದರೆ ಒಂದು ನಿಮಿಷ, ಹತ್ತು ಸೆಕೆಂಡಲ್ಲ.

ಬೆಂಗಳೂರು ಬಾನೆಟ್:
ಮಾವ, ಇಷ್ಟೆಲ್ಲಾ ಮಾಡುವ ಬದಲು ಗಾಡಿ ಮಾರಿ ಹೊಸದು ತಗೊಂಡರೆ ಆಗಲ್ವಾ 😀

ಪದ್ಮಿನಿ ಪ್ರೇಮಿ:
ಅಪ್ಪ ಕೊಂಡ ಗಾಡಿ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ಓದಿ ಆಮೇಲೆ ಬರೆಯಿರಿ.

ಹಾಸನದ ಎಸ್ಟೀಮ್:
ತಡವಾಯಿತು, ಕ್ಷಮಿಸಿ. ಗೇಜ್ 850 ರೂಪಾಯಿಗೆ ಸಿಕ್ಕಿತು. ಪೆಟ್ರೋಲ್ ಪ್ರೆಷರ್ ಏರಿನಲ್ಲೂ ಬೀಳಲಿಲ್ಲ, 2.8ರಲ್ಲೇ ನಿಂತಿತ್ತು. ವ್ಯಾಕ್ಯೂಮ್ ಐಡ್ಲಿಂಗ್‌ನಲ್ಲಿ 15.5 ಇಂಚು, ಮುಳ್ಳು ಅಲುಗಾಡುವುದಿಲ್ಲ. 2500ರಲ್ಲಿ ಹಿಡಿದಾಗ ಮೊದಲು 17ಕ್ಕೆ ಹೋಯಿತು. ಆಮೇಲೆ ಮೆಲ್ಲಗೆ ಇಳಿಯುತ್ತಾ 14, 12, ಒಂದು ನಿಮಿಷಕ್ಕೆ 10. ನನಗೆ ಗೇಜೇ ಕೆಟ್ಟಿದೆ ಅನಿಸಿತು, ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ.

ಕುಡ್ಲ ಡ್ರೈವರ್:
ಐಡ್ಲಿಂಗ್‌ನಲ್ಲೇ 15.5 ಕಡಿಮೆ ಆಯಿತಲ್ಲ? ನನ್ನ ಝೆನ್ ಕಾರು 19 ತೋರಿಸುತ್ತದೆ. ಬೆಲ್ಟ್ ಹಲ್ಲು ಜಾರಿದ್ದು ಇರಬಹುದು. ಟೈಮಿಂಗ್ ಹಿಂದೆ ಬಿದ್ದರೆ ಮುಳ್ಳು ಅಲುಗಾಡದೆ ಕೆಳಗೆ ನಿಲ್ಲುತ್ತದೆ ಅಂತ ಕೇಳಿದ್ದೇನೆ.

ಗ್ಯಾರೇಜ್ ಮಾವ:
ಕೇಳಿದ್ದು ಸರಿ, ಆದರೆ ಮತ್ತೆ ಅದೇ ಎತ್ತರದ ಲೆಕ್ಕ ಮರೆತಿರಿ. ಸಾವಿರ ಅಡಿಗೆ ಒಂದು ಇಂಚು ಕಡಿಮೆ. ಹಾಸನ ಮೂರು ಸಾವಿರ ಅಡಿ. ನಿಮ್ಮ 19 ಅಲ್ಲಿ 16 ಆಗುತ್ತೆ. ಇವನ 15.5ರಲ್ಲಿ ದೋಷವಿಲ್ಲ.

ದೋಷ ಇರುವುದು ಎರಡನೇ ಅಂಕಿಯಲ್ಲಿ. 17 ಬಂದದ್ದು ಅಲ್ಲೇ ನಿಲ್ಲಬೇಕಿತ್ತು. ನಿಧಾನಕ್ಕೆ ಇಳಿಯುತ್ತಿದೆ ಅಂದರೆ ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗದೆ ಹಿಂದೆ ತುಂಬಿಕೊಳ್ಳುತ್ತಿದೆ. ಹಂಡೆ ಒಲೆಯ ಹೊಗೆ ಗೂಡಿಗೆ ಗೋಣಿಚೀಲ ತುರುಕಿದರೆ ಎಷ್ಟು ಒಣ ಸೌದೆ ಹಾಕಿದರೂ ಬೆಂಕಿ ಹತ್ತುವುದಿಲ್ಲ ಅಲ್ವಾ? ಹಳೇ ಹೊಗೆ ಹೋಗದೆ ಹೊಸ ಗಾಳಿ ಬರಲು ಜಾಗವೆಲ್ಲಿ. ಊರೊಳಗೆ ಸಣ್ಣಗೆ ಓಡಿಸುವಾಗ ಹೊಗೆಯೂ ಸ್ವಲ್ಪವೇ, ಸಣ್ಣ ಸಂದಿಯಲ್ಲೇ ಹೋಗಿಬಿಡುತ್ತೆ. ಘಾಟಿಯಲ್ಲಿ ಪೂರ್ತಿ ತುಳಿದಾಗ ಅದರ ಹಲವು ಪಟ್ಟು ಹೊಗೆ ಹುಟ್ಟುತ್ತೆ, ಆಗ ಕಟ್ಟಿಕೊಳ್ಳುತ್ತೆ.

ನನ್ನ ಅನುಮಾನ ಕ್ಯಾಟ್‌ಕಾನ್ ಮೇಲೆ, ಅಂದರೆ ಹೊಗೆ ಪೈಪಿನಲ್ಲಿ ವಿಷದ ಅನಿಲ ಕಡಿಮೆ ಮಾಡುವ ಡಬ್ಬಿ (ಕ್ಯಾಟಲಿಟಿಕ್ ಕನ್ವರ್ಟರ್). ತಮ್ಮಾ ನಿಜ ಹೇಳು, ಆ ಮಿಸ್ಸಿಂಗ್ "ಸ್ವಲ್ಪ" ಅಂದೆಯಲ್ಲ, ಎಷ್ಟು ದಿನ ಹಾಗೇ ಓಡಿಸಿದೆ?

ಹಾಸನದ ಎಸ್ಟೀಮ್:
ಐದಾರು ತಿಂಗಳು. ಕಾಫಿ ಕೊಯ್ಲಿನ ಗಡಿಬಿಡಿ ಇತ್ತು, ಸಕಲೇಶಪುರಕ್ಕೂ ಮನೆಗೂ ದಿನಾ ಓಡಾಟ. ಬಿಡುವಾಗಲಿಲ್ಲ.

ಗ್ಯಾರೇಜ್ ಮಾವ:
ಸಿಕ್ಕಿತು ನೋಡು. ಕಿಡಿ ಹತ್ತದ ಸಿಲಿಂಡರ್‌ನ ಪೆಟ್ರೋಲ್ ಉರಿಯದೆ ಹಾಗೇ ಕ್ಯಾಟ್‌ಕಾನ್‌ಗೆ ಹೋಗಿ ಅಲ್ಲಿ ಉರಿಯುತ್ತೆ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಮುದ್ದೆಯಾಗುತ್ತೆ, ಇಲ್ಲಾ ಒಡೆದು ಚೂರಾಗುತ್ತೆ. ವೈರ್ ಹಾಕಿದ್ದರಿಂದ ಮಿಸ್ಸಿಂಗ್ ಹೋಯಿತು, ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಪಿಕಪ್ ಯಾವಾಗಿನಿಂದ ಇಲ್ಲ ಅಂತ ಈಗ ಲೆಕ್ಕ ಹಾಕು.

ಆದರೂ ಊಹೆ ಮೇಲೆ ಕ್ಯಾಟ್‌ಕಾನ್ ತರಬೇಡ. ಆಗಲೇ 11,400 ಊಹೆಗೆ ಹೋಗಿದೆ. ಎಂಜಿನ್ ತಣ್ಣಗಿದ್ದಾಗ ಕ್ಯಾಟ್‌ಕಾನ್‌ಗೆ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿಸು. ಆ ತೂತಲ್ಲಿ ಹೊಗೆಗೆ ಬೇರೆ ದಾರಿ ಸಿಗುತ್ತೆ. ಹಾಗೇ ಒಂದು ಸಣ್ಣ ಏರು ಹತ್ತಿಸಿ ನೋಡು, ಎರಡೇ ನಿಮಿಷ. ಭಯಂಕರ ಸದ್ದು ಬರುತ್ತೆ. ಹತ್ತಿರದ ವೈರ್, ಹೋಸ್ ಎಲ್ಲಾ ಪಕ್ಕಕ್ಕೆ ಕಟ್ಟಿರಬೇಕು, ಬೆಂಕಿಯಂಥ ಗಾಳಿ ಬರುತ್ತೆ ಅಲ್ಲಿ. ಕಿಟಕಿ ನಾಲ್ಕೂ ತೆರೆದಿರಲಿ, ಆ ಹೊಗೆ ವಿಷ. ಘಾಟಿಗೆ ಹಾಗೇ ಹೋಗಬೇಡ ಮತ್ತೆ.

ಹಾಸನದ ಎಸ್ಟೀಮ್:
ಮಾವ!!! ಊರಾಚೆ ಒಂದು ದಿಬ್ಬ ಇದೆ, ಅಲ್ಲಿ ಮಾಡಿದೆವು. ಟ್ರ್ಯಾಕ್ಟರ್ ತರ ಸದ್ದು, ನಾಯಿಗಳೆಲ್ಲಾ ಬೆನ್ನಟ್ಟಿದವು. ಆದರೆ ಗಾಡಿ ಹತ್ತಿದ ರೀತಿ ಇದೆಯಲ್ಲ! ಮೂರನೇ ಗೇರಲ್ಲಿ 60. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಹುಡುಗ "ಅಣ್ಣಾ ಸಾಕು ನಿಲ್ಲಿಸಿ" ಅಂದ.

ಕುಡ್ಲ ಡ್ರೈವರ್:
ಹಾಗಾದರೆ ಕೆಲಸ ಸುಲಭ. ಕ್ಯಾಟ್‌ಕಾನ್ ಬಿಚ್ಚಿ ಕಬ್ಬಿಣದ ರಾಡಿನಲ್ಲಿ ಒಳಗಿನದ್ದು ಕುಟ್ಟಿ ತೆಗೆದು ಖಾಲಿ ಡಬ್ಬಿ ವಾಪಸ್ ಹಾಕಿಸಿ. ಐನೂರು ರೂಪಾಯಿ ಕೆಲಸ. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ತುಂಬಾ ಜನ ಹೀಗೇ ಮಾಡಿಸುವುದು.

ಗ್ಯಾರೇಜ್ ಮಾವ:
ಮಾಡಿಸುತ್ತಾರೆ, ನಾನೂ ಒಂದು ಕಾಲದಲ್ಲಿ ಮಾಡಿಕೊಟ್ಟಿದ್ದೇನೆ, ಸುಳ್ಳು ಹೇಳುವುದಿಲ್ಲ. ಈಗ ಬೇಡ ಅನ್ನುತ್ತೇನೆ. ಇದು ಬಿಎಸ್2 ಗಾಡಿ, ಎಮಿಷನ್ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.5 ಪರ್ಸೆಂಟ್ ಒಳಗೆ, ಎಚ್‌ಸಿ (ಉರಿಯದ ಇಂಧನ) 750 ಪಿಪಿಎಂ ಒಳಗೆ ಬರಬೇಕು. ಬಿಎಸ್2ಕ್ಕೆ ಮುಂಚಿನ ಗಾಡಿಗಳಿಗೆ ಇರುವ 3 ಪರ್ಸೆಂಟ್ ಇದಕ್ಕಿಲ್ಲ. ಖಾಲಿ ಡಬ್ಬಿಯಲ್ಲಿ 0.5 ಒಳಗೆ ಬರಿಸುವುದು ಕಷ್ಟ. 15 ವರ್ಷ ದಾಟಿದ ಗಾಡಿ, ಎಫ್‌ಸಿಗೆ (ಫಿಟ್ನೆಸ್ ಪರೀಕ್ಷೆಗೆ) ನಿಲ್ಲಿಸಿದಾಗ ತಲೆನೋವು ಯಾರಿಗೆ? ಕಾನೂನು ಪ್ರಕಾರವೂ ತಪ್ಪು. ಅದಕ್ಕಿಂತ ಹೆಚ್ಚಾಗಿ, ಮಗುವನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಓಡಿಸುವ ಗಾಡಿ ಅದು.

ಕುಡ್ಲ ಡ್ರೈವರ್:
ಆದರೆ ಕ್ಯಾಟ್‌ಕಾನ್ ತೆಗೆದರೆ ಪಿಕಪ್ ಇನ್ನೂ ಜಾಸ್ತಿ ಆಗುತ್ತದಲ್ಲ ಮಾವ?

ಗ್ಯಾರೇಜ್ ಮಾವ:
ಕಟ್ಟಿಕೊಂಡಿದ್ದನ್ನು ತೆಗೆದರೆ ಆಗೇ ಆಗುತ್ತೆ. ಸರಿಯಾಗಿರುವುದನ್ನು ತೆಗೆದರೆ ಸದ್ದು ಜಾಸ್ತಿ ಆಗುತ್ತೆ, ಕಿವಿ ಅದನ್ನೇ ಪಿಕಪ್ ಅಂದುಕೊಳ್ಳುತ್ತೆ.

ಹಾಸನದ ಎಸ್ಟೀಮ್:
ಮುಗಿಯಿತು. ಬಿಚ್ಚಿದಾಗ ಟಾರ್ಚ್ ಹಾಕಿ ನೋಡಿದೆ. ಜೇನುಗೂಡಿನ ಮುಕ್ಕಾಲು ಭಾಗ ಕರಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗಿತ್ತು. ಒಂದು ಅಂಚಲ್ಲಿ ಮಾತ್ರ ಎರಡು ಬೆರಳು ಅಗಲ ಬೆಳಕು ಕಾಣುತ್ತಿತ್ತು. ಇಷ್ಟು ದಿನ ಗಾಡಿ ಉಸಿರಾಡಿದ್ದು ಅದರಲ್ಲೇ. ಮಾವ ಫೋನಲ್ಲಿ ಹೇಳಿದ್ದಕ್ಕೆ ಹಿಂದಿನ ಸೈಲೆನ್ಸರ್ ಕೂಡ ಬಿಚ್ಚಿಸಿ ಅಲ್ಲಾಡಿಸಿದೆ, ಗಲಗಲ ಅಂತು. ಒಡೆದ ಚೂರುಗಳು ಅಲ್ಲಿಗೂ ಹೋಗಿದ್ದವು. ಬರೀ ಕ್ಯಾಟ್‌ಕಾನ್ ಬದಲಾಯಿಸಿದ್ದರೆ ಮತ್ತೆ ಅರ್ಧ ಕಟ್ಟಿಕೊಂಡೇ ಇರುತ್ತಿತ್ತು.

ಎರಡೂ ಹೊಸದು ಹಾಕಿಸಿದೆ. ಕಂಪನಿಯ ಕ್ಯಾಟ್‌ಕಾನ್ ಸಿಗಲಿಲ್ಲ, ಹೊರಗಿನದ್ದು 7,800, ಸೈಲೆನ್ಸರ್ 2,600, ಕೂಲಿ 900. ಈಗ 2500ರಲ್ಲಿ ಮುಳ್ಳು 18ರಲ್ಲಿ ನಿಲ್ಲುತ್ತೆ, ಅಲುಗುವುದಿಲ್ಲ. ಎಮಿಷನ್ ಟೆಸ್ಟಿನಲ್ಲಿ ಸಿಒ 0.21 ಬಂತು. ಗ್ಯಾರೇಜಿನವರು ಹಳೇ ಕ್ಯಾಟ್‌ಕಾನ್ ಅಲ್ಲೇ ಬಿಟ್ಟು ಹೋಗಿ ಸಾರ್ ಅಂದರು.

ಪದ್ಮಿನಿ ಪ್ರೇಮಿ:
ಬಿಟ್ಟು ಬರಬೇಡಿ!! ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ. ಗುಜರಿಯವರು ದುಡ್ಡು ಕೊಟ್ಟು ತಗೊಳ್ಳುತ್ತಾರೆ. ಕರಗಿದ್ದರೂ ಲೋಹ ಎಲ್ಲಿಗೂ ಓಡಿಹೋಗಿರುವುದಿಲ್ಲ.

ಹಾಸನದ ಎಸ್ಟೀಮ್:
ಅಯ್ಯೋ. ಬಿಟ್ಟು ಬಂದೆ.

ಗ್ಯಾರೇಜ್ ಮಾವ:
ಹೋಗಿ ಕೇಳು, ಇನ್ನೂ ಇದ್ದರೆ ಕೊಡುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲಗ್ ವೈರ್ ಇನ್ನೊಂದು ಸಲ ನೋಡಿಸು, ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಸೋರುವ ಕಿಡಿ ನೀಲಿಯಾಗಿ ಕಾಣುತ್ತೆ. ಮತ್ತೆ ಮಿಸ್ಸಿಂಗ್ ಬಂದರೆ ಐದು ತಿಂಗಳಲ್ಲ, ಐದು ದಿನವೂ ಓಡಿಸಬೇಡ.

ಹಾಸನದ ಎಸ್ಟೀಮ್:
ನಿನ್ನೆ ಮಂಗಳೂರಿಗೆ ಹೋಗಿ ಬಂದೆವು. ಗುಂಡ್ಯದಿಂದ ಮಾರನಹಳ್ಳಿವರೆಗೆ ಬಹುಪಾಲು ಮೂರನೇ ಗೇರ್. ಎರಡು ಟ್ಯಾಂಕರ್ ದಾಟಿದೆ. ಹೆಂಡತಿ "ನಿಧಾನ ಹೋಗಿ" ಅಂತ ಬೈದಳು. ಕ್ಯಾಟ್‌ಕಾನ್ ಸಿಗಲಿಲ್ಲ, "ಕಸದವರು ತಗೊಂಡು ಹೋದರು" ಅಂದರು.

ಹುಬ್ಬಳ್ಳಿ ರೈಡರ್:
ಮಾವ, ಇದೆಲ್ಲಾ ಓದಿ ಕೇಳಾಕತ್ತೇನಿ. ನಮ್ಮ ತಮ್ಮನ 800ಕ್ಕೂ ಪಿಕಪ್ ಇಲ್ಲರಿ. ಸೀದಾ ಕ್ಯಾಟ್‌ಕಾನ್ ಬದಲಾಯಿಸಿಬಿಡಲೇನ್ರಿ?

ಗ್ಯಾರೇಜ್ ಮಾವ:
ಮೊದಲು ನ್ಯೂಟ್ರಲ್‌ಗೆ ಹಾಕಿ ತಳ್ಳಿ ನೋಡಲು ಹೇಳಿ.